ಬೀಗರ ಹಾಡಿನ ಮ್ಯಾಪು

ಬಸವಪ್ರಭುವಿಗೆ ಹಾಡಲು ಬರುವುದಿಲ್ಲ. ಇದೇನು ದೊಡ್ಡ ದೋಷವಲ್ಲ. ಲೋಕದಲ್ಲಿ ಬಹಳ ಮಂದಿಗೆ ಹಾಡಲು ಬರುವುದಿಲ್ಲ. ಅವರೆಲ್ಲ ಉಂಡುಟ್ಟುಕೊಂಡು ಸುಖವಾಗಿಯೇ ಇದ್ದಾರೆ. ಆದರೆ ಬಸವಪ್ರಭು ಹೆಣ್ಣು ತಂದದ್ದು ಅಮ್ಮಿನಬಾವಿಯ ಮಡಿವಾಳಪ್ಪನವರ ಮನೆಯಿಂದ. ಆ ಮನೆಯ ಎಮ್ಮೆ ಕೂಡ ಶ್ರುತಿ ಹಿಡಿದೇ ಒದರುತ್ತದೆ ಎಂದು ಊರಲ್ಲಿ ಮಾತಿದೆ. ಮಾವ ಮಡಿವಾಳಪ್ಪನವರು ಮಠದ ಭಜನಾ ಮೇಳದ ಮುಂದಾಳು. ಅತ್ತೆ ಶರಣವ್ವ ನಿಂತ ನಿಲುವಿನಲ್ಲೇ ಹಾಡು ಕಟ್ಟಿ, ಮದುವೆಗೆ ಬಂದ ಬೀಗರ ಮಾನ ಕಳೆದು, ಅವರಿಂದಲೇ ಸೀರೆ ಉಡುಗೊರೆ ಪಡೆಯುವವಳು. ಹೆಂಡತಿಯ ತಮ್ಮ ಗುರುಪಾದ ಧಾರವಾಡದಲ್ಲಿ ಸುಗಮ ಸಂಗೀತದ ಕ್ಲಾಸು ನಡೆಸುತ್ತಾನೆ. ಬಸವಪ್ರಭುವಿನದು ತಾರಿಹಾಳದಲ್ಲಿ ಬೋಲ್ಟು-ನಟ್ಟು ತಯಾರಿಸುವ ಸಣ್ಣ ಕಾರ್ಖಾನೆ. ದಿನವಿಡೀ ಲೇಥ್ ಮಷೀನಿನ ಕರ್ರ್ ಸದ್ದು ಕೇಳಿದ ಕಿವಿಗೆ ಬೇರೆ ನಾದ ಹಿಡಿಸುವುದಾದರೂ ಹೇಗೆ?

ಹಬ್ಬವಿರಲಿ, ಹುಟ್ಟುಹಬ್ಬವಿರಲಿ, ಆ ಮನೆಯವರು ಕೂಡಿದರೆಂದರೆ ಊಟವಾದ ಕೂಡಲೇ ಹಾಡು. ಒಬ್ಬರಾದ ಮೇಲೆ ಒಬ್ಬರು ಹಾಡುತ್ತ ಹಾಡುತ್ತ ಸರದಿ ಬಸವಪ್ರಭುವಿನ ಸಮೀಪಕ್ಕೆ ಬರುತ್ತದೆ. ಅವನು ಗಂಟಲು ಸರಿಮಾಡಿಕೊಳ್ಳುತ್ತಾನೆ. ಅಷ್ಟರಲ್ಲಿ ಗುರುಪಾದ ಎಲ್ಲಿಲ್ಲದ ವಿನಯದಿಂದ ಹೇಳುತ್ತಾನೆ:

"ಮಾಮಾರ, ಎಲಿ-ಅಡಕಿ ತೀರ್ಯಾವು. ಸ್ವಲ್ಪ ಹೋಗಿ ತರ್ತೀರೇನ್ರಿ?"

ಬಸವಪ್ರಭು ಎದ್ದು ಹೋಗುತ್ತಾನೆ. ಮದುವೆಯಾದಂದಿನಿಂದ ಅವನು ಹೀಗೆ ತಂದ ಎಲೆಗಳನ್ನೆಲ್ಲ ಒಟ್ಟಿದ್ದರೆ ಒಂದು ಬಣವೆ ಆಗುತ್ತಿತ್ತು. ಒಮ್ಮೆ ಮಾತ್ರ, ಅಂಗಡಿ ಮುಚ್ಚಿದ್ದ ಕಾರಣ ಬೇಗ ವಾಪಸು ಬಂದು, ಯಾರೂ ತಡೆಯುವ ಮುನ್ನ ಎರಡು ಸಾಲು ಹಾಡಿಬಿಟ್ಟಿದ್ದ. ಗುರುಪಾದ ಒಂದು ಕಿವಿಯಲ್ಲಿ ಬೆರಳಿಟ್ಟುಕೊಂಡ. ಮಾವ ಕಣ್ಣು ಮುಚ್ಚಿಕೊಂಡರು (ಭಕ್ತಿಯಿಂದಲ್ಲ). ಅತ್ತೆ ಒಬ್ಬಳೇ ದೊಡ್ಡ ಮನಸ್ಸು ಮಾಡಿ, "ಧ್ವನಿ ಭಾಳ ದೂರ ಕೇಳಸ್ತೈತಿ ನಮ್ಮ ಅಳಿಯಂದ್ರದು. ಹೊಲದಾಗ ಹಕ್ಕಿ ಓಡಸಾಕ ಛಲೋ" ಎಂದಳು.

ಈ ಅಪಮಾನವನ್ನು ಎದೆಯಲ್ಲಿಟ್ಟುಕೊಂಡು ತಿರುಗುತ್ತಿದ್ದವನಿಗೆ ಗಿರಾಕಿಯೊಬ್ಬರ ಮನೆಯಲ್ಲಿ ಕರೋಕೆ ಆಟ ಕಣ್ಣಿಗೆ ಬಿತ್ತು. ಟೀವಿಗೆ ಕಂಪ್ಯೂಟರ್ ಹಚ್ಚಿ ಮೈಕು ಹಿಡಿದು ಹಾಡುವ ಆಟ. ಪರದೆಯ ಮೇಲೆ ಹಾಡಿನ ಒಂದೊಂದು ಅಕ್ಷರಕ್ಕೂ ಒಂದೊಂದು ಪಟ್ಟಿ ಓಡುತ್ತ ಬರುತ್ತದೆ. ಸ್ವರ ಏರಬೇಕಾದಲ್ಲಿ ಪಟ್ಟಿ ಮೇಲೆ, ಇಳಿಯಬೇಕಾದಲ್ಲಿ ಕೆಳಗೆ. ನಿಮ್ಮ ಧ್ವನಿ ಸರಿಯಾಗಿ ಪಟ್ಟಿಯ ಮೇಲೆ ಕೂತರೆ ಅಂಕ, ಜಾರಿದರೆ ಸೊನ್ನೆ. ಹಾಡು ಮುಗಿದ ಮೇಲೆ ಹತ್ತು ಸಾವಿರಕ್ಕೆ ಇಷ್ಟು ಎಂದು ದೊಡ್ಡ ಅಂಕಿಗಳಲ್ಲಿ ಪರದೆಯೇ ತೀರ್ಪು ಕೊಡುತ್ತದೆ. ಎದ್ದು ಹೋಗಿ ಎಲೆ ತಾ ಎಂದು ಯಾರಿಗೂ ಹೇಳುವುದಿಲ್ಲ. ಇದಕ್ಕಿಂತ ಸಭ್ಯವಾದ ಸಂಗೀತ ವಿದ್ವಾಂಸನನ್ನು ಬಸವಪ್ರಭು ಈವರೆಗೆ ಕಂಡಿರಲಿಲ್ಲ.

ಆಟ ಪುಕ್ಕಟೆ ಸಿಗುತ್ತಿತ್ತು. ಮನೆಗೆ ತಂದು ಹಾಕಿಕೊಂಡ. ಆದರೆ ಅದರಲ್ಲಿ ಕನ್ನಡದ ಹಾಡು ಒಂದೂ ಇರಲಿಲ್ಲ. ಬೇಕಾದವರು ತಮ್ಮ ಹಾಡಿನ ಮ್ಯಾಪನ್ನು ತಾವೇ ಮಾಡಿಕೊಳ್ಳಬೇಕು ಎಂದು ತಿಳಿಯಿತು. ಯಾವ ಅಕ್ಷರ ಎಲ್ಲಿ ಶುರುವಾಗುತ್ತದೆ, ಎಷ್ಟು ಹೊತ್ತು ಎಳೆಯುತ್ತದೆ, ಎಷ್ಟು ಎತ್ತರದಲ್ಲಿ ನಿಲ್ಲುತ್ತದೆ, ಇಷ್ಟನ್ನು ಅಕ್ಷರಕ್ಕಕ್ಷರ ತುಂಬಿದರೆ ಮ್ಯಾಪು ತಯಾರು. ಅಳತೆಯ ಕೆಲಸ! ಬಸವಪ್ರಭುವಿನ ಕೈ ತುರಿಸಿತು.

ಸಮಯವೂ ಕೂಡಿಬಂದಿತ್ತು. ಅತ್ತೆ-ಮಾವನ ಲಗ್ನವಾಗಿ ಐವತ್ತು ವರ್ಷ. ಆ ಸಂಭ್ರಮದ ಊಟ ಈ ಸಲ ಹುಬ್ಬಳ್ಳಿಯಲ್ಲಿ, ಮಗಳ ಮನೆಯಲ್ಲಿ ಎಂದು ಠರಾವಾಗಿತ್ತು. ಅಂದು ಅತ್ತೆಯ ಹಾಡನ್ನೇ ಟೀವಿಯಲ್ಲಿ ಹಚ್ಚಿ ಎಲ್ಲರನ್ನೂ ಬೆರಗುಗೊಳಿಸುವುದು ಎಂದು ಅವನು ನಿಶ್ಚಯಿಸಿದ. ಆರಿಸಿಕೊಂಡದ್ದು ಅವನ ಮದುವೆಯಲ್ಲೇ ಶರಣವ್ವ ಕಟ್ಟಿದ ಬೀಗರ ಹಾಡು. ಮುಂದೆ ಯಾವುದೋ ಮದುವೆಯಲ್ಲಿ ಅವಳು ಅದನ್ನು ಹಾಡುವಾಗ ಬಸವಪ್ರಭುವಿನ ಹೆಂಡತಿ ಸೌಮ್ಯಾ ಫೋನಿನಲ್ಲಿ ಹಿಡಿದಿಟ್ಟುಕೊಂಡಿದ್ದಳು.

ಹುಬ್ಬಳ್ಳಿ ಬೀಗರು ಉಬ್ಬುಬ್ಬಿ ಬಂದಾರ
ಹೋಳಿಗಿ ತಾಟಿಗೆ ಹಾರ್ಯಾರ
ತುಪ್ಪಿಲ್ಲಂತ ಮುಖಾ ಹೊಳ್ಳಿಸಿ ಕುಂತಾರ
ತುಪ್ಪದ ಕೊಡದಾಗ ಇಳದಾರ

(ಆ ಹುಬ್ಬಳ್ಳಿ ಬೀಗರು ಬೇರೆ ಯಾರೂ ಅಲ್ಲ, ಬಸವಪ್ರಭುವಿನ ಮನೆಯವರೇ. ತುಪ್ಪದ ಕೊಡದಲ್ಲಿ ಇಳಿದದ್ದು ಅವನ ಸ್ವಂತ ಕಾಕಾ.)

ಸಂಜೆ ತಾರಿಹಾಳದಿಂದ ಬಂದವನೇ ಕಿವಿಗೆ ಹೆಡ್‌ಫೋನು ಏರಿಸಿ ಕಂಪ್ಯೂಟರಿನ ಮುಂದೆ ಕೂಡಲಾರಂಭಿಸಿದ. ಸೌಮ್ಯಾ ಒಂದು ದಿನ ನೋಡಿದಳು, ಎರಡು ದಿನ ನೋಡಿದಳು.

"ಏನ್ ನಡಿಸೀರಿ?"

"ಮ್ಯಾಪ್ ಮಾಡಾಕತ್ತೇನಿ."

"ಮ್ಯಾಪಾ? ಎಲ್ಲಿ ಪ್ಲಾಟಿಂದು? ನನಗ ಒಂದ್ ಮಾತ ಕೇಳದ ಪ್ಲಾಟ್ ಹಿಡದೀರೇನು?"

"ಪ್ಲಾಟಲ್ಲ ಮಾರಾಯ್ತಿ. ಹಾಡಿಂದು. ನಿಮ್ಮವ್ವನ ಹಾಡಿನ ಮ್ಯಾಪು."

"ಹಾಡಿಗ್ಯಾಕ್ರೀ ಮ್ಯಾಪು? ಅದೇನ್ ದಾರಿ ತಪ್ಪೈತೇನು?"

"ಯಾರ್ ಹಾಡಿದ್ರೂ ದಾರಿ ತಪ್ಪಬಾರದಂತ ಮಾಡೂದು."

"ನೀವು ಹಾಡಿದ್ರ ಮ್ಯಾಪಲ್ಲ, ಪೊಲೀಸರು ಬಂದು ನಿಂತ್ರೂ ತಪ್ಪತೈತಿ" ಎಂದು ಸೌಮ್ಯಾ ರೊಟ್ಟಿ ಬಡಿಯಲು ಹೋದಳು.

ಬಸವಪ್ರಭು ತಪಸ್ಸು ಮುಂದುವರಿಸಿದ. ಹಾಡು ಕೇಳುತ್ತ ಅಕ್ಷರಕ್ಕೊಮ್ಮೆ ಗುಂಡಿ ಒತ್ತಬೇಕು. 'ಹುಬ್ಬಳ್ಳಿ' ಎಂಬಲ್ಲೇ ಗಾಡಿ ಹೂತುಕೊಂಡಿತು. 'ಬ್ಬ'ಗೆ ಒಮ್ಮೆ ಒತ್ತಬೇಕೋ ಎರಡು ಸಲವೋ? ಹುಟ್ಟಿ ಬೆಳೆದ ಊರಿನ ಹೆಸರು ಇಷ್ಟು ತೊಡಕಿನದೆಂದು ಅವನಿಗೆ ಅಂದೇ ಗೊತ್ತಾದದ್ದು. 'ಬಂದಾರ' ಎಂಬಲ್ಲಿ ಶರಣವ್ವ 'ದಾ' ಎಂಬ ಒಂದೇ ಅಕ್ಷರವನ್ನು ಮಾಳಿಗೆ ಹತ್ತಿಸಿ, ಇಳಿಸಿ, ಹಿತ್ತಲಿಗೆ ಒಯ್ದು, ತಿರುಗಿ ಪಡಸಾಲೆಗೆ ತಂದು ಕೂರಿಸುತ್ತಿದ್ದಳು. ಅಷ್ಟೂ ತಿರುವಿಗೆ ಬೇರೆ ಬೇರೆ ಪಟ್ಟಿ! ಉಣ್ಣುವಾಗ ಅವನ ಬೆರಳು ತಾಟಿನ ಅಂಚಿಗೆ ತಾನೇ ಬಡಿಯುತ್ತಿತ್ತು. ಹೆಂಡತಿ "ಇನ್ನೊಂದು ರೊಟ್ಟಿ ಹಾಕ್ಲೇನ್ರಿ?" ಎಂದರೆ 'ರೊ' ಗಿಡ್ಡ, 'ಟ್ಟಿ' ಗಿಡ್ಡ, 'ಲೇ' ಉದ್ದ ಎಂದು ಅಳೆಯುತ್ತ ಕೂಡುತ್ತಿದ್ದ, ರೊಟ್ಟಿ ಆರಿ ಹಪ್ಪಳವಾಗುತ್ತಿತ್ತು.

ಅಂತೂ ಮ್ಯಾಪು ಮುಗಿಯಿತು. ಅತ್ತೆಯ ಸ್ವರವನ್ನು ಎತ್ತರ-ತಗ್ಗು ಸಮೇತ ಪ್ರಾಮಾಣಿಕವಾಗಿ ತುಂಬಿದ್ದ. ಸೌಮ್ಯಾ ಸಂತೆಗೆ ಹೋದ ಸಮಯ ನೋಡಿ ಬಾಗಿಲು ಹಾಕಿಕೊಂಡು ಮೈಕು ಹಿಡಿದ. ಮನದುಂಬಿ ಹಾಡಿದ. ಹತ್ತು ಸಾವಿರಕ್ಕೆ ಒಂಬೈನೂರು ಚಿಲ್ಲರೆ ಬಂತು.

ಮತ್ತೆ ಹಾಡಿದ. ಇನ್ನೂ ಕಡಿಮೆ ಬಂತು.

ಬಸವಪ್ರಭು ಸೋಫಾದ ಮೇಲೆ ಕುಸಿದ. ಸಭ್ಯ ವಿದ್ವಾಂಸನೂ ಅಮ್ಮಿನಬಾವಿಯ ಪಕ್ಷವನ್ನೇ ಸೇರಿಬಿಟ್ಟಿದ್ದ. ತಾನೇ ಬೆವರು ಸುರಿಸಿ ಮಾಡಿದ ಮ್ಯಾಪಿನಲ್ಲಿ ಗುರುಪಾದ ಬಂದು ಹತ್ತು ಸಾವಿರ ಹೊಡೆದುಕೊಂಡು ಹೋಗುವ ಚಿತ್ರ ಕಣ್ಣ ಮುಂದೆ ಕಟ್ಟಿತು. ಆಗಲೇ ಅವನ ತಲೆಯಲ್ಲಿ ಆ ದುರ್ಬುದ್ಧಿ ಮಿಂಚಿದ್ದು: ಸ್ವರದ ಎತ್ತರವನ್ನು ಅತ್ತೆಯ ಧ್ವನಿಯಿಂದಲೇ ಯಾಕೆ ಹಿಡಿಯಬೇಕು? ಹಿಡಿಯುವವನು ನಾನು. ನನ್ನ ಧ್ವನಿಯಿಂದ ಹಿಡಿದರೆ?

ಕಾರ್ಖಾನೆಯಲ್ಲಿ ಅವನು ಎಂದೂ ಬೋಲ್ಟಿಗೆ ತಕ್ಕಂತೆ ಅಳತೆಗೋಲನ್ನು ತಿದ್ದಿದವನಲ್ಲ. ಅರ್ಧ ಕೂದಲಿನಷ್ಟು ದಪ್ಪವಾದರೂ ಬೋಲ್ಟನ್ನೇ ಎಸೆಯುವವನು. ಆದರೆ ಕಾರ್ಖಾನೆಯಲ್ಲಿ ಮೈದುನರು ಇರುವುದಿಲ್ಲ. ಅವನು ಮೈಕಿನಲ್ಲಿ ತನ್ನ ಪದ್ಧತಿಯಂತೆ ಬೀಗರ ಹಾಡನ್ನು ಆದ್ಯಂತವಾಗಿ ಹಾಡಿದ. ಆ ಏರಿಳಿತವನ್ನೇ ಮ್ಯಾಪಿನ ಪಟ್ಟಿಗಳಿಗೆ ಕೂರಿಸಿದ. ಹಿನ್ನೆಲೆಯಲ್ಲಿ ಅತ್ತೆಯ ಧ್ವನಿ ಅಡ್ಡ ಬರುತ್ತಿತ್ತು. ಅದನ್ನು ಒಂದು ಗುಂಡಿಯಿಂದ ತಗ್ಗಿಸಿದ. (ಅತ್ತೆಯ ಧ್ವನಿಯನ್ನು ತಗ್ಗಿಸಿದ ಕೀರ್ತಿ ಆ ವಂಶದ ಅಳಿಯಂದಿರಲ್ಲಿ ಅವನೊಬ್ಬನದೇ.) ಹಾಡಿ ನೋಡಿದ. ಒಂಬತ್ತು ಸಾವಿರ ದಾಟಿತು. ಬಸವಪ್ರಭು ಒಬ್ಬನೇ ಎದ್ದು ನಿಂತು ಚಪ್ಪಾಳೆ ಹೊಡೆದುಕೊಂಡ.

ಐವತ್ತರ ಸಂಭ್ರಮದ ರವಿವಾರ ಬಂತು. ಹೋಳಿಗೆಯ ಊಟ ಮುಗಿಯಿತು. ಮಾವ, ಅತ್ತೆ, ಗುರುಪಾದ, ಇನ್ನಷ್ಟು ಕಾಕಾ-ಕಾಕೂಗಳು ಪಡಸಾಲೆಯಲ್ಲಿ ಒತ್ತಿ ಕೂತರು. ಬಸವಪ್ರಭು ಟೀವಿ ಹಚ್ಚಿ, ಎರಡು ಮೈಕು ಇಟ್ಟು, ಆಟದ ನಿಯಮ ತಿಳಿಸಿದ. ತನ್ನ ಹಾಡಿನ ಅಕ್ಷರಗಳು ಟೀವಿಯ ಮೇಲೆ ಬಂದದ್ದು ಕಂಡು ಶರಣವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಅಯ್ಯ ಶಿವನ! ನಾ ಬಾಯಿಲೆ ಅಂದದ್ದು ಅಚ್ಚಾಗೈತಲ್ಲ!"

"ಮೊದಲ ಗುರುಪಾದ ಹಾಡಲಿ. ಕಲತವ ಅಂವಾ" ಎಂದ ಬಸವಪ್ರಭು, ಬೆಣ್ಣೆಯಂಥ ದನಿಯಲ್ಲಿ.

ಗುರುಪಾದ ಕಣ್ಣು ಮುಚ್ಚಿ ಹಾಡಿದ. ಏನು ಹಾಡಿದ! ಕಾಕೂಗಳು ತಲೆದೂಗಿದರು. ಅಂಕ ಬಂತು: ಸಾವಿರದ ನೂರು.



"ಮೈಕ್ ಸರಿ ಇಲ್ಲ" ಎಂದ ಗುರುಪಾದ.

"ಆ ಇನ್ನೊಂದ್ ತಗೋ ತಮ್ಮಾ" ಎಂದ ಬಸವಪ್ರಭು.

ಗುರುಪಾದ ಇನ್ನೂ ಮನಸ್ಸಿಟ್ಟು, ಇನ್ನೂ ಶುದ್ಧವಾಗಿ ಹಾಡಿದ. ಒಂಬೈನೂರಕ್ಕೆ ಇಳಿಯಿತು. ಅವನ ಮುಖ ಹಿಂಡಿದ ನಿಂಬೆಹಣ್ಣಿನಂತಾಯಿತು. ಬಸವಪ್ರಭು ಹೊಟ್ಟೆಯೊಳಗೇ ಹೋಳಿಗೆ ಕುಣಿಯುವಷ್ಟು ನಕ್ಕ; ಹೊರಗೆ ಮಾತ್ರ, "ಇರಲಿ ಬಿಡು, ಒಂದೊಂದ್ ದಿನಾ ಧ್ವನಿ ಕೂಡಂಗಿಲ್ಲ" ಎಂದು ಬೆನ್ನು ತಟ್ಟಿದ.

"ಕೊಡ್ರಿಲ್ಲೆ" ಎಂದು ಮಡಿವಾಳಪ್ಪನವರು ಎದ್ದರು. ಇದು ಬಸವಪ್ರಭುವಿನ ಲೆಕ್ಕದಲ್ಲಿ ಇರಲಿಲ್ಲ. ಮಾವ ಮೈಕು ಹಿಡಿಯುವವರಲ್ಲ ಎಂದುಕೊಂಡಿದ್ದ. ಹೆಂಡತಿ ಕಟ್ಟಿದ ಹಾಡನ್ನು ಆ ಹಿರಿಯರು ಅವಳ ಕಡೆಗೇ ನೋಡುತ್ತ, ನಗುತ್ತ, ತಾಳ ಹಾಕುತ್ತ ಹಾಡಿದರು. ಶರಣವ್ವ ನಾಚಿದಳು. ಅಂಕ ಎಂಟುನೂರೂ ಮುಟ್ಟಲಿಲ್ಲ.

ಮಡಿವಾಳಪ್ಪನವರು ಮೈಕನ್ನು ಮೆಲ್ಲಗೆ ಕೆಳಗಿಟ್ಟರು. ಕೂತರು. ಆಮೇಲೆ ಮಗಳ ಕಡೆ ಬಾಗಿ, ಸಣ್ಣ ಧ್ವನಿಯಲ್ಲಿ ಕೇಳಿದರು:

"ಸೌಮ್ಯಾ, ನಾ ಮಠದಾಗ ವಾರ ವಾರ ಹಾಡ್ತೇನಲ್ಲ... ಮಂದಿ ಹಿರ್ಯಾ ಅಂತ ಸುಮ್ನ ಕುಂದರ್ತಾರೇನವಾ? ನನ್ನ ಕಿವಿ ಹೋಗ್ಯಾವೇನು?"

ಬಸವಪ್ರಭುವಿನ ಹೊಟ್ಟೆಯಲ್ಲಿ ಕುಣಿಯುತ್ತಿದ್ದ ಹೋಳಿಗೆ ಕಲ್ಲಾಯಿತು. "ಹಂಗೇನಿಲ್ರಿ ಮಾವಾರ, ಈ ಮಷೀನೇ ಏನೋ..." ಎಂದು ತೊದಲಿದ.

"ಇಲ್ಲ ಬಿಡ್ರಿ ಮಾಮಾರ" ಎಂದ ಗುರುಪಾದ ತಲೆ ತಗ್ಗಿಸಿ. "ಮಷೀನಿಗೆ ನಮ್ಮಾಂವ ನಿಮ್ಮಾಂವ ಅಂತ ಇರಂಗಿಲ್ಲ. ನಂದೂ ಎಲ್ಲೋ ತಪ್ಪೇ ಐತಿ. ನಾಳಿಂದ ಕ್ಲಾಸ್ ಬಂದ್ ಮಾಡಿ, ಮತ್ತ ಮೊದಲಿಂದ ಕಲೀಬೇಕು."

ಈಗ ಏನು ಮಾಡುವುದು? ನಿಜ ಹೇಳಿದರೆ ಕಾಕಾಗಳ ಮುಂದೆ ಮಾನ ಹೋಗುತ್ತದೆ. ಹೇಳದಿದ್ದರೆ ಮಾವನ ಭಜನೆ ನಿಲ್ಲುತ್ತದೆ. ಅವನು ಒಳಗೊಳಗೇ ಹಗ್ಗ ಜಗ್ಗುತ್ತಿರುವಾಗ ಸೌಮ್ಯಾ ಮೈಕು ಎತ್ತಿಕೊಂಡಳು. ತಂದೆಯ ಮನಸ್ಸು ಹಗುರಾಗಲಿ, ತನಗೂ ಕಡಿಮೆ ಬಂದರೆ ಎಲ್ಲರೂ ನಕ್ಕುಬಿಡಲಿ ಎಂಬುದು ಅವಳ ಎಣಿಕೆ. ತಮ್ಮ ಸಂಗೀತ ಮೇಷ್ಟ್ರಾದ ಮೇಲೆ ಅವಳು ಮಂದಿಯ ಮುಂದೆ ಹಾಡಿದವಳೇ ಅಲ್ಲ.

ಮೊದಲ ಸಾಲು ಹಾಡಿದಳು. ಪಟ್ಟಿಗಳೆಲ್ಲ ಫಳಫಳ ಹೊಳೆದವು. ಎರಡನೇ ಸಾಲಿಗೂ ಹೊಳೆದವು. ಮೂರನೇ ಸಾಲಿನಲ್ಲಿ ಸ್ವರ ಏರಬೇಕಾದ ಜಾಗದಲ್ಲಿ ಪಟ್ಟಿ ಧಡಕ್ಕನೆ ಬಾವಿಗೆ ಬಿದ್ದಂತೆ ಕೆಳಗಿಳಿಯಿತು. ಸೌಮ್ಯಾಳ ಧ್ವನಿಯೂ ತಾನಾಗಿಯೇ ಅದರ ಹಿಂದೆ ಬಾವಿಗೆ ಬಿತ್ತು. ಬೀಳುತ್ತಿರುವಾಗಲೇ ಅವಳ ಹುಬ್ಬು ಗಂಟಾಯಿತು. ಈ ಬಾವಿಯನ್ನು ಎಲ್ಲೋ ಕೇಳಿದ್ದೇನಲ್ಲ! ದಿನಾ ಬೆಳಿಗ್ಗೆ, ಬಚ್ಚಲುಮನೆಯಿಂದ, ತಂಬಿಗೆಯ ಸದ್ದಿನ ಜೊತೆಗೆ!

ಹಾಡು ಮುಗಿಯಿತು. ಎಂಟು ಸಾವಿರದ ಏಳುನೂರು.

ಕಾಕೂಗಳು ಹೋ ಎಂದರು. ಗುರುಪಾದ ಬಾಯಿ ತೆರೆದು ಅಕ್ಕನನ್ನು ನೋಡಿದ. ಸೌಮ್ಯಾ ಯಾರನ್ನೂ ನೋಡಲಿಲ್ಲ, ಗಂಡನನ್ನು ನೋಡಿದಳು. ಬಸವಪ್ರಭು ಫ್ಯಾನು ನೋಡಿದ.

"ಈಗ ನೀವ್ ಹಾಡ್ರಿ" ಎಂದಳು.

"ನಾನ್ಯಾಕ... ಎಲಿ-ಅಡಕಿ ತರ್ತೇನಿ."

"ಎಲಿ ಬೇಕಾದಷ್ಟ್ ಅದಾವ. ಹಾಡ್ರಿ. ಅವ್ವಾ, ನೀನೂ ಒಂದ್ ಮೈಕ್ ಹಿಡಿ. ಅಳಿಯಂದ್ರ ಜೋಡಿ ಹಾಡು."

ಶರಣವ್ವ ಮೈಕನ್ನು ಲಟ್ಟಣಿಗೆಯಂತೆ ಹಿಡಿದು ಅಳಿಯನ ಪಕ್ಕದಲ್ಲೇ ಬಂದು ಕೂತಳು. ಹಾಡು ಶುರುವಾಯಿತು. ಯಂತ್ರದಲ್ಲಿನ ಅತ್ತೆಯನ್ನು ಗುಂಡಿಯಿಂದ ತಗ್ಗಿಸಬಹುದಿತ್ತು. ಮಗ್ಗುಲಲ್ಲಿ ಕೂತ ಅತ್ತೆಗೆ ಗುಂಡಿ ಇರಲಿಲ್ಲ. ಅವಳು ಅವನ ತೊಡೆಯ ಮೇಲೆಯೇ ತಾಳ ಬಡಿಯುತ್ತ ಎತ್ತಿದಳೆಂದರೆ, ಕೆಟ್ಟು ನಿಂತ ಕಾರನ್ನು ಲಾರಿಗೆ ಕಟ್ಟಿ ಎಳೆದಂತೆ ಬಸವಪ್ರಭುವಿನ ಧ್ವನಿ ಹಿಂದೆ ಹಿಂದೆ ಹೋಯಿತು. ಮೂರನೇ ಸಾಲಿನ ಬಾವಿ ಬಂತು. ಅವನು ಧುಮುಕಲು ನೋಡಿದ. ತೊಡೆಯ ಮೇಲೆ ಫಟ್ಟನೆ ಒಂದು ಏಟು ಬಿತ್ತು. ಧ್ವನಿ ಹೆದರಿ ಮೇಲಕ್ಕೆ ಹಾರಿ, ಜನ್ಮದಲ್ಲಿ ಮೊದಲ ಸಲ ಸರಿಯಾದ ಸ್ವರದ ಮೇಲೆ ನಿಂತಿತು. ನಿಂತೇ ಇತ್ತು. ಅದರ ರುಚಿ ಎಷ್ಟು ಸೊಗಸಾಗಿತ್ತೆಂದರೆ, ಬಸವಪ್ರಭು ಒಂದು ಗಳಿಗೆ ಗುರುಪಾದನನ್ನು, ಮ್ಯಾಪನ್ನು, ಎಲ್ಲವನ್ನೂ ಮರೆತ.

ಹಾಡು ಮುಗಿದಾಗ ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ಮಡಿವಾಳಪ್ಪನವರಂತೂ ಬಂದು ಅಳಿಯನ ಎರಡೂ ಕೈ ಹಿಡಿದುಕೊಂಡರು. "ಸೂರಿಗೆ ಬಂದ್ರಿ ಅಳಿಯಂದ್ರ! ಕಡೀಕೂ ಶ್ರುತಿಗೆ ಬಂದ್ರಿ!"

ಅಷ್ಟರಲ್ಲಿ ಪರದೆ ಅಂಕ ತೋರಿಸಿತು. ಬಸವಪ್ರಭು: ಆರುನೂರು. ಶರಣವ್ವ: ಆರುನೂರು. ಅಂದಿನ ದಿನದ ಅತ್ಯಂತ ಕಡಿಮೆ ಅಂಕ.

ಮಡಿವಾಳಪ್ಪನವರು ಪರದೆ ನೋಡಿದರು. ಅಳಿಯನನ್ನು ನೋಡಿದರು. ಅವರ ಬೆನ್ನು ನೆಟ್ಟಗಾಯಿತು. "ಏ! ಇಷ್ಟ್ ಛಲೋ ಹಾಡಿದವರಿಗೆ ಆರುನೂರಾ? ಈ ಹಾಡು ಕಟ್ಟಿದಾಕೀಗೂ ಅಷ್ಟs ಕೊಟ್ಟೈತಲ್ಲ! ಹಂಗಾರ ನನ್ನ ಕಿವಿ ಖರೇ ಅದಾವ. ಈ ಮಷೀನs ಕಿವುಡೈತಿ! ಯಾರು ಇದಕ್ಕ ಹಾಡು ತುಂಬಿದವರು?"

"ಇವರs" ಎಂದಳು ಸೌಮ್ಯಾ.

ಗುರುಪಾದ ಆಗಲೇ ಕಂಪ್ಯೂಟರಿನ ಮುಂದೆ ಕೂತಾಗಿತ್ತು. ಮ್ಯಾಪಿನಲ್ಲಿ ತುಂಬಿದ ಸ್ವರಗಳನ್ನು ಹಾರ್ಮೋನಿಯಂ ಪೆಟ್ಟಿಗೆಯ ನಾದದಲ್ಲಿ ನುಡಿಸಿ ತೋರಿಸುವ ಸೌಕರ್ಯ ಅದರಲ್ಲಿತ್ತು. ಒತ್ತಿದ. ಟೀವಿಯಿಂದ ಮಾತಿಲ್ಲದೆ, ಬರೇ ಪೀಂ ಪೀಂ ಎಂದು ಬೀಗರ ಹಾಡು ಹೊರಟಿತು: ಕುಂಟುತ್ತ, ಎಡವುತ್ತ, ಬೇಡದಲ್ಲಿ ಜಿಗಿಯುತ್ತ, ಮೂರನೇ ಸಾಲಿಗೆ ಬಾವಿಗೆ ಬೀಳುತ್ತ.

"ಅಯ್ಯ, ಇದು ನಮ್ಮ ಅಳಿಯಂದ್ರ ಧ್ವನಿ!" ಎಂದು ಶರಣವ್ವ ಕೂಗಿದಳು. ಪಡಸಾಲೆಗೆ ಪಡಸಾಲೆಯೇ ನಗೆಯಲ್ಲಿ ಉರುಳಿತು. ಒಬ್ಬ ಕಾಕಾ ಕೆಮ್ಮು ಹತ್ತಿ ನೀರು ಕುಡಿದ. ಗುರುಪಾದ ನೆಲ ಬಡಿದು ಬಡಿದು ನಕ್ಕ. ಬಸವಪ್ರಭು ಭೂಮಿ ಬಾಯಿ ಬಿಡಲಿ ಎಂದು ನೆಲ ನೋಡಿದ. ಬರೇ ಟೈಲ್ಸು ಕಂಡವು.

ನಗು ತುಸು ಇಳಿದ ಮೇಲೆ ಮಡಿವಾಳಪ್ಪನವರಿಗೆ ಇನ್ನೊಂದು ಹೊಳೆಯಿತು. ಅವರ ಮುಖ ಬಾಡಿತು.

"ಹಂಗಾರ ಸೌಮ್ಯಾ... ನಿನಗ ಎಂಟು ಸಾವಿರ ಹೆಂಗ ಬಂತವಾ?"

ಸೌಮ್ಯಾ ಸೆರಗು ಸರಿಮಾಡಿಕೊಂಡಳು. "ನಾ ಬೇಕಂತ ಹಾಡ್ಲಿಲ್ಲಪ್ಪಾ. ದಿನಾ ಕೇಳಿ ಕೇಳಿ ಬಾಯಿ ತಾನs ಆ ಕಡೆ ಹೋತು."

"ಶಿವನ! ಮಗಳ ಕೊಟ್ಟಿದ್ವಿ, ಸೂರು ಸೈತ ಕೊಟ್ಟಂಗಾತು" ಎಂದು ಮಡಿವಾಳಪ್ಪನವರು ಹಣೆ ಹಿಡಿದುಕೊಂಡರು. ಶರಣವ್ವ ಮಾತ್ರ ಮಗಳ ಮುಖವನ್ನೂ ಅಳಿಯನ ಮುಖವನ್ನೂ ಸಾಲಾಗಿ ನೋಡಿ, ಯಾಕೋ ಬಹಳ ಸಂತೋಷಪಟ್ಟು, ಇನ್ನೊಂದು ಸಲ ನಕ್ಕಳು.

ಮಂದಿಯೆಲ್ಲ ಹೋದ ಮೇಲೆ ಬಸವಪ್ರಭು ಹೆಂಡತಿಯ ಎದುರು ತಲೆ ತಗ್ಗಿಸಿ ನಿಂತ. ಬೈಗುಳ ಬರುತ್ತದೆಂದು ಕಾದ. ಸೌಮ್ಯಾ ತಾಟು ಎತ್ತುತ್ತ, "ಆ ಮೂರನೇ ಸಾಲಿಗೆ ಅವ್ವ ಬಡದಾಗ ಛಲೋ ಹಾಡಿದ್ರಿ ಖರೇ" ಎಂದಳು, ಅಷ್ಟೇ. ಅವನ ಎದೆ ಉಬ್ಬಿತು. ಆ ಉಬ್ಬಿನಲ್ಲೇ, "ಮ್ಯಾಪ್ ತಿದ್ದತೇನಿ. ಅತ್ತೀ ಹಾಡು ಎಷ್ಟ್ ಅದಾವೋ ಅಷ್ಟಕ್ಕೂ ಖರೇ ಮ್ಯಾಪ್ ಮಾಡಿ ಕೊಡ್ತೇನಂತ ಹೇಳು" ಎಂದು ಮಾತು ಕೊಟ್ಟುಬಿಟ್ಟ. ಸೌಮ್ಯಾ ಅದೇ ಕ್ಷಣ ಅಮ್ಮಿನಬಾವಿಗೆ ಫೋನು ಹಚ್ಚಿದಳು.

ಮುಂದಿನ ವಾರ ತಾರಿಹಾಳದಿಂದ ಮನೆಗೆ ಬಂದರೆ ಬಾಗಿಲಲ್ಲಿ ಅತ್ತೆಯ ಟ್ರಂಕು. ಪಡಸಾಲೆಯಲ್ಲಿ ಅತ್ತೆ. ಕಂಪ್ಯೂಟರಿನ ಮುಂದೆ, ತನ್ನ ಕುರ್ಚಿಯಲ್ಲಿ, ತನ್ನ ಹೆಡ್‌ಫೋನು ಹಾಕಿಕೊಂಡು ಗುರುಪಾದ.

"ಬರ್ರಿ ಮಾಮಾರ. ದಿನಾ ಸಂಜೀಕ ಕ್ಲಾಸ್ ಮುಗಿಸಿ ಬರ್ತೇನಿ. ಸ್ವರ ನಾ ಹೇಳ್ತೇನಿ, ಗುಂಡಿ ನೀವ್ ಒತ್ರಿ" ಎಂದ.

"ಎಷ್ಟ್ ಹಾಡು ಅದಾವ್ರಿ ಅತ್ತಿ?" ಎಂದು ಬಸವಪ್ರಭು ಕೇಳಿದ, ಕಾಲಲ್ಲಿದ್ದ ಬೂಟು ಬಿಚ್ಚುವುದನ್ನೂ ಮರೆತು.

"ಎಣಿಸಿಲ್ಲ ನೋಡ್ರಿ. ಬೀಸೂವು, ಕುಟ್ಟೂವು, ತೊಟ್ಟಲದ್ದು, ಸೋಬಾನದ್ದು... ಗಡಿಬಿಡಿ ಮಾಡಬ್ಯಾಡ್ರಿ. ಮುಗಿಯೂತನಕ ನಾ ಇಲ್ಲೇ ಇರ್ತೇನಿ" ಎಂದಳು ಶರಣವ್ವ. "ಮೊದಲ ಹೊಸಾದೊಂದು ಕಟ್ಟೇನಿ, ಅದನ್ನs ಹಚ್ಚೂಣು. ಬಸ್ಸಿನ್ಯಾಗ ಬರೂಮುಂದ ಹೊಳೀತು."

ಎಂದವಳೇ ಕೆಮ್ಮಿ, ಸೆರಗು ಹೊದ್ದು, ಎತ್ತಿದಳು:

ತಾರಿಹಾಳದ ಅಳಿಯಾ ಮಷೀನ ತಿರುವ್ಯಾನ
ಬೇಸೂರ ಅದಕ ಕಲಿಸ್ಯಾನ
ಕಲತ ಮಂದೀನೆಲ್ಲ ನಾಪಾಸ ಮಾಡ್ಯಾನ
ಕಡೀಕ ತಾನs ಬಿದ್ದಾನ

ಅಡುಗೆಮನೆಯಲ್ಲಿ ಸೌಮ್ಯಾಳ ಲಟ್ಟಣಿಗೆ ಕೈತಪ್ಪಿ ಬಿದ್ದ ಸದ್ದು ಕೇಳಿತು. ಹಿಂದೆಯೇ ಅವಳ ನಗು. ಬಸವಪ್ರಭು ಬೂಟು ಬಿಚ್ಚಿದ. ಕೈಕಾಲು ತೊಳೆದು ಬಂದ. ಗುರುಪಾದನ ಮಗ್ಗುಲಿಗೆ ಇನ್ನೊಂದು ಕುರ್ಚಿ ಎಳೆದು ಕೂತು, ಗುಂಡಿಯ ಮೇಲೆ ಬೆರಳಿಟ್ಟ. 'ತಾ' ಒತ್ತಿದ. 'ರಿ' ಒತ್ತಿದ. ಎರಡನೇ ಸಾಲಿಗೆ ಬಂದಾಗ ಕೈ ತಡೆಯಿತು. ಕಾರ್ಖಾನೆಯಲ್ಲಿ ಬೋಲ್ಟಿನ ಅಳತೆ ಕೇಳುವ ಗಾಂಭೀರ್ಯದಿಂದಲೇ ಕೇಳಿದ:

"ಅತ್ತಿ, ಈ 'ಬೇಸೂರ' ಅನ್ನೂದರಾಗಿನ 'ಬೇ' ಎಷ್ಟೊತ್ತು ಎಳೀಬೇಕ್ರಿ?"

"ಉಸಿರು ಇರೂತನಕ ಎಳೀರಿ, ಅಳಿಯಂದ್ರ" ಎಂದಳು ಶರಣವ್ವ. "ನಾಕ್ ಮಂದಿಗೆ ಕೇಳಸಬೇಕಲ್ಲ."